ಹೆಪ್ಪಿನ ಮಣ್ಣು

ನಾನು ಮದುವೆಯಾಗಿ ಯಳವತ್ತಿಗೆ ಬಂದ ಎಂಟನೆಯ ದಿನ, ನಮ್ಮ ಹೊಲದ ದವನ ಲಕ್ಷ್ಮೇಶ್ವರದಿಂದ ವಾಪಸು ಬಂತು.

ಒಂದು ಚಕ್ಕಡಿ ತುಂಬ ದವನ. ಬೆಳಿಗ್ಗೆ ಕೊಯ್ದು ಕಳಿಸಿದ್ದು ಸಂಜೆಯ ಹೊತ್ತಿಗೆ ಬಾಡಿ, ಬೂದಿ ಬಣ್ಣಕ್ಕೆ ತಿರುಗಿ, ಹೋದ ಹಾಗೆಯೇ ಅಂಗಳಕ್ಕೆ ಬಂದು ನಿಂತಿತ್ತು. ಚಕ್ಕಡಿಯ ಹಿಂದೆ ಅತ್ತರಿನ ಸಾಹೇಬರು ನಡೆದುಕೊಂಡು ಬಂದಿದ್ದರು. ಲಕ್ಷ್ಮೇಶ್ವರದಲ್ಲಿ ಅವರದೊಂದು ಭಟ್ಟಿ ಇತ್ತು. ದೊಡ್ಡ ತಾಮ್ರದ ಹಂಡೆಯಲ್ಲಿ ದವನ, ಮರುಗ ಕುದಿಸಿ, ಅದರ ಉಗಿಯನ್ನು ತಣಿಸಿ, ಎಣ್ಣೆ ಇಳಿಸಿ ಹೈದರಾಬಾದಿಗೆ ಕಳಿಸುತ್ತಿದ್ದರು. ನಮ್ಮ ಮಾವನವರ ಕಾಲದಿಂದಲೂ ಬಾವಿಯ ಕೆಳಗಿನ ಎರಡೆಕರೆಯ ದವನ ಅವರ ಹಂಡೆಗೇ ಹೋಗುತ್ತಿತ್ತು. ಮಾಲು ಬೇಡವೆಂದು ಆಳಿನ ಕೈಯಲ್ಲಿ ಹೇಳಿ ಕಳಿಸುವುದು ಅವರಿಗೆ ಸರಿ ಕಂಡಿರಲಿಲ್ಲ. ತಾವೇ ಬಂದು, ಕಟ್ಟೆಯ ಮೇಲೆ ಕುಳಿತು, ತಂಬಿಗೆ ನೀರು ಕುಡಿದು, ಅತ್ತೆಗೆ ಹೇಳಿದರು.

"ಅಕ್ಕಾರ, ಸಿಟ್ಟು ಮಾಡ್ಕೋಬ್ಯಾಡ್ರಿ. ಎಲಿ ಬೇಕಾದಷ್ಟು ಐತಿ. ಆದ್ರ ನಿನ್ನಿ ಬಂದ ಮಾಲಿನಾಗ ಒಂದು ಹಂಡಿ ಕುದಿಸಿ ನೋಡಿದ್ನಿ. ಬರೇ ನೀರು ಬಂತು. ಎಣ್ಣಿ ಕಣ್ಣಿಗೂ ಕಾಣವಲ್ದು."

"ನಮ್ಮವರು ಇದ್ದಾಗ ಹಿಂಗ ಆಗಿತ್ತೇನ್ರಿ?" ಎಂದು ಅತ್ತೆ ಕೇಳಿದರು.

"ಇಲ್ರಿ. ಅವರ ಚಕ್ಕಡಿ ನಮ್ಮ ಓಣಿ ತಿರುಗೂದರಾಗ ನಾ ಒಳಗ ಕುಂತಾಂವ ಎದ್ದು ನಿಲ್ಲತಿದ್ನಿ. ವಾಸನಿನ ಕರೀತಿತ್ತು."

ಮಾವ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅಂದಿನಿಂದ ಹೊಲ, ಬಾವಿ, ದನಕರು ಎಲ್ಲವನ್ನೂ ಅತ್ತೆಯೇ ನೋಡಿಕೊಳ್ಳುತ್ತಿದ್ದರು. ಅವರು ಚಕ್ಕಡಿಯ ಬಳಿ ಹೋಗಿ ಒಂದು ಹಿಡಿ ದವನ ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಸಿದರು. ಮತ್ತೆ ತಿಕ್ಕಿದರು. ಗೋಡೆಯಾಚೆಯಿಂದ ನೆರೆಮನೆಯ ಹೆಂಗಸು ಎಲ್ಲವನ್ನೂ ನೋಡುತ್ತಿದ್ದಳು.

"ಮನಿಗೆ ಹೊಸಾ ಕಾಲು ಬಂದೈತಲ್ಲ ಅಕ್ಕಾ," ಎಂದಳು ಆಕೆ, ಯಾರಿಗೆ ಹೇಳಿದಳೆಂದು ತಿಳಿಯದ ಹಾಗೆ.

ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಅತ್ತೆ ಒಮ್ಮೆ ನೋಡಿದರು. ಅದೊಂದೇ ನೋಟ. ಬೈಯಲಿಲ್ಲ. ಮರುದಿನ ಬುತ್ತಿ ಕಟ್ಟುತ್ತಿದ್ದಾಗ ಮಾತ್ರ, "ನೀ ಇನ್ನ ಹೊಲಕ್ಕ ಬರಬ್ಯಾಡ. ಮನ್ಯಾಗಿನ ಕೆಲಸ ನೋಡ್ಕೋ ಸಾಕು," ಎಂದರು.

ನನಗೆ ಹದಿನಾರು ವರ್ಷ. ತಾಯಿಯಿಲ್ಲದ ಮಗಳಾಗಿ ಸೊರಟೂರಿನಲ್ಲಿ ಅಪ್ಪನ ಹಿಂದೆ ಹೊಲದಲ್ಲಿಯೇ ಬೆಳೆದವಳು. ಅಡುಗೆಗಿಂತ ಕಳೆ ತೆಗೆಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ಹೊಲಕ್ಕೆ ಬರಬೇಡ ಎಂದ ದಿನ ನಾನು ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ಹೊಗೆಯ ನೆಪ ಇದ್ದೇ ಇತ್ತು.

ದವನದ ಸುವಾಸನೆ ಯಾಕೆ ಹೋಯಿತು ಎಂಬುದು ನನ್ನನ್ನು ಬಿಡಲಿಲ್ಲ. ಬಾಡಿದ ಆ ಗಿಡಗಳನ್ನು ನಾನು ನೋಡಿದ್ದೆ. ಮೊಣಕಾಲುದ್ದ ಬರಬೇಕಾದದ್ದು ತೊಡೆಯುದ್ದ ಬೆಳೆದು, ಕಾಂಡ ನೀರು ತುಂಬಿ ಮೆತ್ತಗಾಗಿತ್ತು. ಒಂದು ದಿನ ಕೊಟ್ಟಿಗೆ ಗುಡಿಸುವಾಗ ಮೂಲೆಯಲ್ಲಿ ಅರ್ಧ ಖಾಲಿಯಾದ ಚೀಲ ಸಿಕ್ಕಿತು. ಒಳಗೆ ಉಪ್ಪಿನಂಥ ಬಿಳಿಯ ಹರಳು. ನನ್ನ ಗಂಡನನ್ನು ಕೇಳಿದೆ.

"ಅದು ಗದಗಿನಿಂದ ತಂದ ಗೊಬ್ಬರ," ಎಂದರು. "ಅಪ್ಪ ಹೋದ ಮ್ಯಾಲೆ ಅವ್ವ ತರಿಸಿದ್ಲು. ತಿಪ್ಪಿ ಗೊಬ್ಬರ ಹೇರಾಕ ಆಳು ಸಿಗವಲ್ರು. ಇದಾದ್ರ ಒಬ್ಬರ ಕೈಯಾಗ ಆಗತೈತಿ."

"ಅದನ್ನ ಬಿಟ್ಟು ಈ ಮಳಿಗಾಲಕ್ಕ ಸೆಣಬು ಬಿತ್ತೋಣು. ಹೂ ಬಿಡೂದರೊಳಗ ಹಸೀದನ್ನ ರಂಟಿ ಹೊಡದು ಮಣ್ಣಾಗ ಮುಚ್ಚೋಣು. ನಮ್ಮಪ್ಪ ಹಂಗ ಮಾಡ್ತಾನ."

ಅವರು ಬಹಳ ಮಾತಿನವರಲ್ಲ. ಆದರೆ ಮೊದಲ ಮಳೆಯಾದ ಮೇಲೆ, ಬಾವಿಯ ಪಕ್ಕದ ಒಂದು ಮೂಲೆಯಲ್ಲಿ ಸೆಣಬು ಚೆಲ್ಲಿ ಬಂದರು. ಅದು ಹುಟ್ಟಿತು, ಗೇಣುದ್ದವಾಯಿತು, ಅಲ್ಲಿಗೇ ನಿಂತಿತು. ಎಲೆಗಳು ಅರಿಸಿನ ಹಚ್ಚಿದ ಹಾಗೆ ಹಳದಿಯಾದವು. ಸೆಣಬಿನ ಯೋಚನೆ ನನ್ನದೆಂದು ಅತ್ತೆಗೆ ಗೊತ್ತಾಯಿತು.

ಆ ಶ್ರಾವಣದಲ್ಲಿಯೇ ದೇಶಕ್ಕೆ ಸ್ವಾತಂತ್ರ್ಯ ಬಂದದ್ದು. ಗದಗಿನಲ್ಲಿ ಮೆರವಣಿಗೆಯಾಯಿತಂತೆ, ಶಾಲೆಯ ಮಕ್ಕಳಿಗೆ ಪೇಢೆ ಹಂಚಿದರಂತೆ ಎಂದು ಸುದ್ದಿ ಬಂತು. ನಮ್ಮೂರೂ ಸೇರಿದಂತೆ ಲಕ್ಷ್ಮೇಶ್ವರ, ಶಿರಹಟ್ಟಿಯ ಸೀಮೆ ಇನ್ನೂ ಸಂಸ್ಥಾನದವರ ಕೈಯಲ್ಲಿತ್ತು. ನಮ್ಮೂರ ಹಿರಿಯರು ಕಟ್ಟೆಯ ಮೇಲೆ ಕುಳಿತು, ಸ್ವಾತಂತ್ರ್ಯ ನಮಗೂ ಬಂದಿದೆಯೋ ಇಲ್ಲವೋ ಎಂದು ವಾದ ಮಾಡುತ್ತಿದ್ದರು. ಅದಾದ ಕೆಲವೇ ದಿನಕ್ಕೆ ಪಂಚಮಿ. ನನಗೆ ಅಣ್ಣತಮ್ಮಂದಿರಿಲ್ಲ. ಕರೆದೊಯ್ಯಲು ಅಪ್ಪನೇ ಬಂದ.

ಬಂದವನು ಕಾಲು ತೊಳೆಯುವ ಮೊದಲೇ ನನ್ನ ಮುಖ ನೋಡಿ, "ಏನಾಗೇತಿ ಮಗಳ?" ಎಂದ. ದಾರಿಯಲ್ಲಿ ಎಲ್ಲ ಹೇಳಿದೆ. ಚಕ್ಕಡಿ ನಮ್ಮ ಹೊಲದ ಪಕ್ಕದಲ್ಲೇ ಹಾಯುತ್ತಿತ್ತು. ಅಪ್ಪ ಎತ್ತು ನಿಲ್ಲಿಸಿ, ಇಳಿದು, ಹಳದಿಯಾದ ಒಂದು ಸೆಣಬಿನ ಗಿಡವನ್ನು ಬೆರಳಿನಿಂದ ಮಣ್ಣು ಬಿಡಿಸಿ ಮೆಲ್ಲಗೆ ಎತ್ತಿದ. ಬೇರನ್ನು ನೋಡಿದ. ನನಗೆ ತೋರಿಸಿದ. ಬೇರು ನೂಲಿನ ಹಾಗೆ ನುಣ್ಣಗಿತ್ತು.

"ಗಂಟಿಲ್ಲ ನೋಡು," ಎಂದ ಅಷ್ಟೇ.

ಸೊರಟೂರಿನಲ್ಲಿ ಮರುದಿನ ನನ್ನನ್ನು ತನ್ನ ಹೊಲಕ್ಕೆ ಕರೆದುಕೊಂಡು ಹೋದ. ಅಲ್ಲಿಯ ಸೆಣಬು ನನ್ನ ಎದೆಯೆತ್ತರ ಬೆಳೆದು ಕಡು ಹಸಿರಾಗಿತ್ತು. ಒಂದನ್ನು ಅಗೆದು ತೆಗೆದಾಗ ಬೇರಿನ ತುಂಬ ಸಾಸಿವೆಯಂಥ, ಹೆಸರುಕಾಳಿನಂಥ ಗಂಟುಗಳು. ಅಪ್ಪ ಒಂದನ್ನು ಉಗುರಿನಿಂದ ಒಡೆದ. ಒಳಗೆ ಎಳೆಯ ರಕ್ತದ ಕೆಂಪು.

"ಇದು ರೋಗಲ್ಲ ಮಗಳ. ಇದರಾಗ ಜೀವ ಇರತಾವಂತ, ಕಣ್ಣಿಗೆ ಕಾಣಂಗಿಲ್ಲ. ಗಾಳಿಯಾಗಿನ ಸಾರ ಹಿಡದು ಗಿಡಕ್ಕ ಉಣಸತಾವಂತ. ಗದಗಿನ ಸರಕಾರಿ ತೋಟದ ಸಾಹೇಬ ಹೇಳಿದ್ದ. ನಾ ಮೊದ್ಲ ನಂಬಿರ್ಲಿಲ್ಲ."

"ನಮ್ಮ ಹೊಲದಾಗ ಯಾಕ ಇಲ್ಲ?"

"ವರ್ಷಾನಗಟ್ಟಲೆ ಬರೇ ದವನ ಬೆಳದಾರ. ಕಾಳು ಕಡಿ ಏನೂ ಹಾಕಿಲ್ಲ. ಹಾಲು ಐತಿ, ಹೆಪ್ಪು ಇಲ್ಲ. ಹೆಪ್ಪಿಲ್ಲದ ಹಾಲು ಎಷ್ಟು ದಿನ ಇಟ್ರೂ ಮೊಸರಾಕ್ಕತೇನು? ಕೆಡತೈತಿ."

ಆ ಪಂಚಮಿಯಲ್ಲಿ ನಾನು ಜೋಕಾಲಿ ಆಡಿದ ನೆನಪಿಲ್ಲ. ಅಪ್ಪನೂ ನಾನೂ ಆ ಗಿಡಗಳ ಬುಡದ ಮಣ್ಣನ್ನು, ಗಂಟು ತುಂಬಿದ ಬೇರಿನ ಸಮೇತ, ನೆರಳಿನಲ್ಲಿ ಗೋಣಿಚೀಲಕ್ಕೆ ತುಂಬಿದೆವು. ಬಿಸಿಲು ತಾಗಿದರೆ ಒಳಗಿನ ಜೀವ ಸಾಯುತ್ತದೆ ಎಂದು ಅಪ್ಪ ಚೀಲದ ಮೇಲೆ ಒದ್ದೆ ಬಟ್ಟೆ ಹೊದಿಸಿದ. ಎಳ್ಳುಂಡಿ, ಶೇಂಗಾ ಉಂಡಿಯ ಡಬ್ಬಿಯ ಪಕ್ಕದಲ್ಲಿ ಆ ಚೀಲವನ್ನಿಟ್ಟುಕೊಂಡು ನನ್ನನ್ನು ಕಳಿಸಲು ತಾನೇ ಹೊರಟ.

ಸಂಸ್ಥಾನದ ಗಡಿಯಲ್ಲಿ ಒಂದು ನಾಕಾ ಇತ್ತು. ಅಡ್ಡ ಹಾಕಿದ ಗಳ, ಒಂದು ಗುಡಿಸಲು, ಒಬ್ಬ ಸಿಪಾಯಿ. ಹೋಗುವಾಗ ಅವನು ನಮ್ಮನ್ನು ನೋಡಿರಲೂ ಇಲ್ಲ. ಬರುವಾಗ ಚೀಲದ ಮೇಲೆ ಕೋಲಿನಿಂದ ತಟ್ಟಿದ.

"ಏನೈತಿ ಇದರಾಗ?"

"ಮಣ್ಣು ರೀ," ಎಂದ ಅಪ್ಪ.

"ಮಣ್ಣಾ? ಮಣ್ಣು ಯಾರರ ಊರಿಂದ ಊರಿಗೆ ಹೇರತಾರೇನೋ? ಒಳಗ ಏನು ಮುಚ್ಚಿಟ್ಟೀ?"

"ಏನೂ ಇಲ್ರಿ. ಇದ್ದದ್ದು ಕಣ್ಣಿಗೆ ಕಾಣಂಗಿಲ್ಲ."

ಅಪ್ಪ ನಿಜ ಹೇಳಿದ್ದ. ಆದರೆ ಆ ಮಾತೇ ಸಿಪಾಯಿಯ ಸಂಶಯ ಹೆಚ್ಚಿಸಿತು. ಚೀಲ ಎಳೆದು ರಸ್ತೆಯ ಮೇಲೆ ಬೋರಲು ಮಾಡಿದ. ಶ್ರಾವಣದ ಮೋಡ ಸರಿದು ಆಗಷ್ಟೇ ಚುರುಗುಟ್ಟುವ ಬಿಸಿಲು ಬಿದ್ದಿತ್ತು. "ಬಿಸಲಿಗೆ ಹಾಕಬ್ಯಾಡ್ರಿ ಸಾಹೇಬ್ರ, ಸಾಯತಾವ," ಎನ್ನುತ್ತ ಅಪ್ಪ ಮಂಡಿಯೂರಿ, ತಲೆಯ ರುಮಾಲು ಬಿಚ್ಚಿ ಮಣ್ಣಿನ ಮೇಲೆ ಹರವಿದ. ಬರಿತಲೆಯಲ್ಲಿ, ಎರಡೂ ಕೈಯಿಂದ ಬಾಚಿ ಬಾಚಿ ಚೀಲಕ್ಕೆ ತುಂಬತೊಡಗಿದ. ನಾನೂ ಇಳಿದು ಕೈ ಹಾಕಿದೆ. ಕೋಲಿನಿಂದ ಕೆದಕಿ ಏನೂ ಸಿಗದೆ ಸಿಪಾಯಿ ಹಿಂದೆ ಸರಿದ. ಸ್ವಲ್ಪ ಹೊತ್ತಿಗೆ ಅವನಿಗೇ ನಾಚಿಕೆಯಾಗಿರಬೇಕು.

"ಆ ಕಡೆ ಝೆಂಡಾ ಏರಿಸ್ಯಾರಂತ. ಈ ಕಡೆ ನಮಗ ಇನ್ನೂ ಹಳೇ ಹುಕುಂ ಐತಿ," ಎಂದು ಗೊಣಗುತ್ತ ಗಳ ಎತ್ತಿದ.

ಮನೆಯಲ್ಲಿ ಅಪ್ಪ ಅತ್ತೆಗೆ ಕೈಮುಗಿದು ಎಲ್ಲ ವಿವರಿಸಿದ. ಅತ್ತೆ ಪೂರ್ತಿ ಕೇಳಿದರು. ಆಮೇಲೆ ಹೇಳಿದರು:

"ನಿಮ್ಮ ಮಾತು ಖರೆ ಇರಬಹುದ್ರಿ. ಆದ್ರ ಆ ಹೊಲದಾಗ ನಮ್ಮವರು ಮಲಗ್ಯಾರ. ಅವರಿಗೆ ನಾ ನನ್ನ ಕೈಯಾರೆ ಮಣ್ಣು ಕೊಟ್ಟೇನಿ. ಅಲ್ಲೆ ಬ್ಯಾರೇ ಊರ ಮಣ್ಣು ಬೀಳಬಾರದು."

ಮಾವನ ಗದ್ದುಗೆ ಹೊಲದ ಬೇವಿನ ಕೆಳಗಿತ್ತು. ಅಪ್ಪ ಮತ್ತೆ ಒತ್ತಾಯ ಮಾಡಲಿಲ್ಲ. "ಆತ್ರಿ ಅಕ್ಕಾರ," ಎಂದ. ಹೊರಡುವಾಗ ನನಗೆ ಮಾತ್ರ ಕೇಳುವ ಹಾಗೆ, "ದಿನಾ ಒಂದು ಚರಿಗಿ ನೀರು ಚಿಮುಕಿಸು. ಒಣಗಾಕ ಬಿಡಬ್ಯಾಡ," ಎಂದ. ನಾನು ತಲೆ ಅಲ್ಲಾಡಿಸಿದೆ. ಅಪ್ಪನನ್ನು ಜೀವಂತವಾಗಿ ನೋಡಿದ್ದು ಅದೇ ಕೊನೆ.

ಚೀಲವನ್ನು ಕೊಟ್ಟಿಗೆಯ ನೆರಳಿನಲ್ಲಿಟ್ಟು ದಿನವೂ ನೀರು ಚಿಮುಕಿಸುತ್ತಿದ್ದೆ. ಅತ್ತೆ ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಶ್ರಾವಣ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಸೊರಟೂರಿನಿಂದ ಅಪ್ಪನ ತಮ್ಮ, ನಮ್ಮ ಕಾಕಾ, ಕಳಿಸಿದ ಆಳು ಬಂದ. ಅಪ್ಪನಿಗೆ ಹೊಲದಲ್ಲಿ ಎದೆ ಹಿಡಿದು, ಬದುವಿನ ಮೇಲೆ ಕುಳಿತವನು ಅಲ್ಲಿಯೇ ಒರಗಿದ್ದನಂತೆ.

ನಾನು ಎಲ್ಲಿ ಕುಳಿತೆ, ಏನು ಮಾಡಿದೆ ನೆನಪಿಲ್ಲ. ಅತ್ತೆಯ ಧ್ವನಿ ಮಾತ್ರ ನೆನಪಿದೆ. "ಚಕ್ಕಡಿ ಹೂಡೋ. ನಾನೂ ಬರ್ತೇನಿ," ಎಂದರು ಮಗನಿಗೆ. ದಾರಿಯುದ್ದಕ್ಕೂ ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಹಿಡಿದುಕೊಂಡಿದ್ದರು. ಈ ಮನೆಗೆ ಬಂದ ಮೇಲೆ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಅಪ್ಪನನ್ನು ಅವನ ಹೊಲದಲ್ಲಿಯೇ ಮಣ್ಣು ಮಾಡಿದರು. ನಾನು ಮಣ್ಣು ಕೊಟ್ಟೆ. ನನ್ನ ಹಿಂದೆ ಅತ್ತೆ ಬಗ್ಗಿ ಮೂರು ಹಿಡಿ ಮಣ್ಣು ಹಾಕಿದರು. ಮಂದಿ ಚದುರಿದ ಮೇಲೆ ಅವರೆಲ್ಲಿ ಎಂದು ಹುಡುಕಿದೆ. ಸೆಣಬಿನ ಸಾಲಿನಲ್ಲಿ ಒಬ್ಬರೇ ಕುಳಿತಿದ್ದರು. ಒಂದು ಗಿಡ ಕಿತ್ತು ಬೇರನ್ನು ಅಂಗೈ ಮೇಲೆ ಹರಡಿಕೊಂಡಿದ್ದರು. ಅದರ ಗಂಟೊಂದನ್ನು ಉಗುರಿನಿಂದ ಒಡೆದು, ಬಹಳ ಹೊತ್ತು ನೋಡುತ್ತಿದ್ದರು.

ಮೂರು ದಿನದ ಕಾರ್ಯ ಮುಗಿಸಿ ಹಿಂತಿರುಗಿದೆವು. ನಾಕಾದಲ್ಲಿ ಅದೇ ಸಿಪಾಯಿ. ನನ್ನ ಗುರುತು ಹಿಡಿದು, "ಆ ಹಿರ್ಯಾ ಬರ್ಲಿಲ್ಲೇನವಾ?" ಎಂದ.

"ಇನ್ನ ಬರಂಗಿಲ್ಲಪಾ," ಎಂದರು ಅತ್ತೆ.

ಅವನು ತಲೆಯ ಪಟಗಾ ತೆಗೆದು ಎದೆಗೆ ಹಿಡಿದುಕೊಂಡು ಗಳ ಎತ್ತಿ ನಿಂತ. ಚಕ್ಕಡಿ ದಾಟಿ ಬಹಳ ದೂರ ಹೋಗುವವರೆಗೂ ಹಾಗೆಯೇ ನಿಂತಿದ್ದ.

ಮನೆಗೆ ಬಂದ ಮರುದಿನ ಸಂಜೆ ಅತ್ತೆ ಕೊಟ್ಟಿಗೆಗೆ ಹೋಗಿ ಚೀಲದ ಬಾಯಿ ಬಿಚ್ಚಿದರು. ಕೈ ಹಾಕಿ ತಂಪು ನೋಡಿದರು. "ಬೆಲ್ಲ ತಾ," ಎಂದರು.

ನಾನು ನಿಂತೇ ಇದ್ದೆ.

"ಬೆಲ್ಲ ತಾ ಅಂದ್ನೆಲ್ಲವಾ. ನಿಮ್ಮಪ್ಪ ಬೆಲ್ಲದ ನೀರಾಗ ಕಲಸಬೇಕಂತ ಹೇಳಿದ್ದ."

ಬೆಲ್ಲದ ಅಂಟು ನೀರಿನಲ್ಲಿ ಆ ಮಣ್ಣನ್ನೂ ಸಗಣಿಯನ್ನೂ ಕಲಸಿ, ಸೆಣಬಿನ ಬೀಜಕ್ಕೆ ಸವರಿದೆವು. ನೆರಳಲ್ಲಿ ಆರಿಸಿದೆವು. ಉಳಿದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ, ಹೊತ್ತಿಳಿದ ಮೇಲೆ ಇಡೀ ಹೊಲಕ್ಕೆ ಎರಚಿದೆವು. ಬೇವಿನ ಹತ್ತಿರ ಬಂದಾಗ ನಾನು ಹಿಂದೆ ಸರಿದೆ. ಅತ್ತೆ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು ಗದ್ದುಗೆಯ ಸುತ್ತಲೂ ತಾವೇ ಎರಚಿದರು. ಆ ಹೊತ್ತು ಅವರ ತುಟಿ ಅಲ್ಲಾಡುತ್ತಿತ್ತು. ಮಾವನಿಗೆ ಏನು ಹೇಳಿದರೋ ನನಗೆ ಕೇಳಲಿಲ್ಲ. ಕೇಳಬೇಕೆಂದೂ ಅನಿಸಲಿಲ್ಲ.

ಸೆಣಬು ಈ ಸಲ ನಿಲ್ಲಲಿಲ್ಲ. ಇಪ್ಪತ್ತು ದಿನಕ್ಕೆ ಕಡುಹಸಿರು. ದೀಪಾವಳಿಯ ಮುಂಚೆ, ಮೊಗ್ಗು ಕಾಣುವ ಹೊತ್ತಿಗೆ, ನನ್ನ ಗಂಡ ರಂಟೆ ಹೂಡಿದರು. ಅಷ್ಟು ಚೆಂದದ ಗಿಡಗಳನ್ನು ನೆಲಕ್ಕೆ ಕೆಡವಿ ಮುಚ್ಚುವುದನ್ನು ನೋಡಲಾಗದೆ ನಾನು ಬದುವಿನ ಮೇಲೆ ಕುಳಿತು ಅತ್ತುಬಿಟ್ಟೆ. ಗಿಡಕ್ಕಾಗಿಯೋ, ಅಪ್ಪನಿಗಾಗಿಯೋ ಹೇಳಲಾರೆ. ಅತ್ತೆ ಬಂದು ಪಕ್ಕದಲ್ಲಿ ಕುಳಿತರು.

"ತಂಗೀ, ವಾಸನಿ ಹೋಗಿದ್ದು ನಿನ್ನಿಂದಲ್ಲ. ನನ್ನಿಂದ," ಎಂದರು. "ಅವರು ಇದ್ದಾಗ ವರ್ಷಾ ತಿಪ್ಪಿ ಹೇರಿ ಹೇರಿ ಮಣ್ಣು ಬೆಣ್ಣಿ ಹಂಗ ಇಟ್ಟಿದ್ರು. ನಾ ಆ ಬಿಳೀದು ಚೆಲ್ಲಿದ್ನಿ. ಮದಲನೇ ವರ್ಷ ಗಿಡ ಎತ್ತರ ಬಂತು, ಭೇಷ್ ಅನಕೊಂಡ್ನಿ. ನನಗ ಗೊತ್ತಿತ್ತವಾ. ಆವತ್ತು ಚಕ್ಕಡಿ ಹೊಳ್ಳಿ ಬಂದಾಗ ತಿಕ್ಕಿ ನೋಡಿದ್ನೆಲ್ಲ, ಆಗಲೇ ಗೊತ್ತಾತು. ಆದ್ರ ಮಂದಿ ನಿನ್ನ ಮ್ಯಾಲೆ ಹಾಕಿದ್ರು. ನಾ ಸುಮ್ನ ಇದ್ನಿ."

ಅವರು ನನ್ನ ಮುಖ ನೋಡಲಿಲ್ಲ. ರಂಟೆಯ ಹಿಂದೆ ನಡೆಯುತ್ತಿದ್ದ ಮಗನನ್ನೇ ನೋಡುತ್ತಿದ್ದರು. ಆ ಕ್ಷಣಕ್ಕೆ ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಆರು ತಿಂಗಳು ನಾನು ತಲೆ ತಗ್ಗಿಸಿ ತಿರುಗಿದ್ದೆ. ಮೊದಲೇ ಒಂದು ಮಾತು ಹೇಳಿದ್ದರೆ, ಅಪ್ಪ ಆ ದಿನ ಮೋರೆ ಸಣ್ಣದು ಮಾಡಿಕೊಂಡು ಹೊರಡುತ್ತಿರಲಿಲ್ಲ. ಎದ್ದು ಬಾವಿಯ ಕಡೆ ಹೋದೆ. ಆ ಸಿಟ್ಟು ಕರಗಲು ಬಹಳ ದಿನ ಹಿಡಿಯಿತು. ಯಾವ ದಿನ ಕರಗಿತು ಎಂದು ಕೇಳಿದರೆ ನನಗೆ ತಿಳಿಯದು. ಒಟ್ಟಿಗೆ ಕೂತು ದವನದ ಸಸಿ ನೆಡುವಾಗಲೋ, ನೀರು ಹಾಯಿಸುವಾಗಲೋ, ಸ್ವಲ್ಪ ಸ್ವಲ್ಪವಾಗಿ ಹೋಗಿರಬೇಕು.

ದವನ ಆ ವರ್ಷ ಎತ್ತರ ಬೆಳೆಯಲಿಲ್ಲ. ಗಿಡ್ಡಗೆ, ಒತ್ತಾಗಿ, ಬೂದು ಹಸಿರಾಗಿ ಬಂತು. ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಬಂದ ಹಕ್ಕಿಗಳು ತಿರುಗಿ ಹೊರಡುವ ಹೊತ್ತಿಗೆ ಕೊಯ್ಲು. ಕೊಯ್ಯುವಾಗ ಸೀರೆಗೆ, ಕೂದಲಿಗೆ, ಬುತ್ತಿಯ ರೊಟ್ಟಿಗೆ ಕೂಡ ಅದರ ವಾಸನೆ ಹತ್ತಿತು. ಅತ್ತೆ ಚಕ್ಕಡಿಯಲ್ಲಿ ತಮ್ಮ ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೊರಟರು. ಸಂಸ್ಥಾನ ಮುಂಬಯಿ ಸರಕಾರದಲ್ಲಿ ಸೇರಿತೆಂದು ಬಜಾರಿನಲ್ಲಿ ಡಂಗುರ ಹೊಡೆಯುತ್ತಿದ್ದ ದಿನಗಳವು. ಅತ್ತೆಗೆ ಅದರ ಕಡೆ ಲಕ್ಷ್ಯವಿರಲಿಲ್ಲ.

ಸಾಹೇಬರ ಓಣಿ ತಿರುಗಿದೆವು. ಅವರು ಬಾಗಿಲಲ್ಲಿ ಬಂದು ನಿಂತಿದ್ದರು.

ಹಂಡೆಗೆ ದವನ ತುಂಬಿ, ಮುಚ್ಚಳದ ಸಂದಿಗೆ ಹಿಟ್ಟು ಮೆತ್ತಿ, ಕೆಳಗೆ ಬೆಂಕಿ ಹಾಕಿದರು. ಮಧ್ಯಾಹ್ನದವರೆಗೂ ನಾವಿಬ್ಬರೂ ಅಂಗಳದಲ್ಲಿ ಕಾದು ಕುಳಿತೆವು. ಕೊಳವೆಯ ತುದಿಯ ಪಾತ್ರೆಯಲ್ಲಿ ನೀರಿನ ಮೇಲೆ ಕಂದು ಎಣ್ಣೆ ತೆಳ್ಳಗೆ ತೇಲತೊಡಗಿತು, ನೋಡನೋಡುತ್ತ ದಪ್ಪವಾಯಿತು. ಸಾಹೇಬರು ಒಂದು ಹನಿಯನ್ನು ಮುಂಗೈಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಮೂಸಿದರು.

"ಅಕ್ಕಾರ, ಇದು ನಿಮ್ಮ ಯಜಮಾನ್ರ ಕೈಯಾಗಿನ ವಾಸನಿ ಐತಿ," ಎಂದರು.

ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು. "ಅಲ್ರಿ ಸಾಹೇಬ್ರ. ಇಕಿ ಅಪ್ಪನ ಕೈಯಾಗಿಂದು," ಎಂದರು.

ಅದಾದ ಮೇಲೆ ಎಲ್ಲವೂ ಸುಖವಾಗಿ ನಡೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಬೇಸಿಗೆ ಮುಂಡರಗಿಯ ಆಚೆ ನಿಜಾಮರ ಸೀಮೆಯಲ್ಲಿ ಗಲಾಟೆ ಎದ್ದು ಹೈದರಾಬಾದಿನ ದಾರಿ ಕಟ್ಟಿತು. ಅಷ್ಟು ಒಳ್ಳೆಯ ಎಣ್ಣೆ ಸಾಹೇಬರ ಮನೆಯಲ್ಲಿಯೇ ಉಳಿಯಿತು. ದಾರಿ ತೆರೆದ ಮೇಲೆ ಹಳೆಯ ಗಿರಾಕಿಗಳು ಹಿಂದಿನಂತೆ ಬರಲಿಲ್ಲ. ಆದರೂ ಸಾಹೇಬರು ಭಟ್ಟಿ ಆರಿಸಲಿಲ್ಲ. ನಾವೂ ಪ್ರತಿ ಮಳೆಗಾಲ ಸೆಣಬು ಮುಚ್ಚಿ ದವನ ನೆಡುತ್ತಲೇ ಬಂದೆವು. ಶಿರಹಟ್ಟಿಯಿಂದ, ಮಾಗಡಿಯಿಂದ ಮಣ್ಣು ಕೇಳಿಕೊಂಡು ಜನ ಬರತೊಡಗಿದರು. ಹೊಲದ ಮಣ್ಣು ಕೊಟ್ಟರೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಎಂದು ಊರವರು ಹೆದರಿಸಿದರು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದವರಿಗೆಲ್ಲ ತಾವೇ ಬುಟ್ಟಿ ತುಂಬಿ, ಒದ್ದೆ ಬಟ್ಟೆ ಹೊದಿಸಿ ಕಳಿಸುತ್ತಿದ್ದರು.

ಸೊರಟೂರಿನಲ್ಲಿ ಅಪ್ಪನ ಹೊಲ ಕಾಕಾನ ಪಾಲಾಯಿತು. ಅವರು ವರ್ಷ ವರ್ಷವೂ ಹತ್ತಿಯನ್ನೇ ಬಿತ್ತಿದರು. ಕೆಲವು ವರ್ಷಗಳ ನಂತರ ಹೋದಾಗ ಅಲ್ಲಿ ಸೆಣಬು ಬಿತ್ತಿರಿ ಎಂದು ಹೇಳಿದೆ. "ಹೆಣ್ಣು ಮಗಳು, ಉಂಡು ಹೋಗು," ಎಂದು ಕಾಕಾ ನಕ್ಕರು. ನಾನು ಅಪ್ಪನ ಗದ್ದುಗೆಗೆ ನೀರು ಹಾಕಿ ಬಂದೆ.

ಕನ್ನಡ ನಾಡೆಲ್ಲ ಒಂದಾದ ವರ್ಷದ ಚಳಿಗಾಲದಲ್ಲಿ ಸಾಹೇಬರು ಕಣ್ಣು ಕಾಣದಾಗಿ ಭಟ್ಟಿ ನಿಲ್ಲಿಸಿದರು. ಮಕ್ಕಳಿಗೆ ಆ ಕಸುಬು ಬೇಕಿರಲಿಲ್ಲ. ಹೊಲದಲ್ಲಿ ದವನ ಕೊಯ್ಲಿಗೆ ಬಂದು ನಿಂತಿತ್ತು. ಏನು ಮಾಡುವುದೆಂದು ನನ್ನ ಗಂಡ ಕೇಳಿದಾಗ ಅತ್ತೆ ಹಾಸಿಗೆ ಹಿಡಿದಿದ್ದರು. "ಊರ ಹೆಣ್ಣಮಕ್ಕಳಿಗೆ ಹೇಳು. ಮುಡಕೊಳ್ಳಲಿ," ಎಂದರು. ಎರಡು ದಿನ ಹೆಂಗಸರು ಬಂದು ಮಡಿಲು ತುಂಬಿಕೊಂಡು ಹೋದರು. ನಾನೂ ಒಂದು ಕಟ್ಟು ತಂದು ಅತ್ತೆಯ ದಿಂಬಿನ ಬದಿಗಿಟ್ಟೆ. ಅವರು ಒಂದು ಎಳೆ ಕಿತ್ತು, ಅಂಗೈಯಲ್ಲಿ ತಿಕ್ಕುವಷ್ಟು ಶಕ್ತಿಯಿಲ್ಲದೆ, ನನ್ನ ಕಡೆ ಚಾಚಿದರು. ನಾನು ತಿಕ್ಕಿ ಅವರ ಮೂಗಿನ ಹತ್ತಿರ ಹಿಡಿದೆ.

ಯುಗಾದಿಗೆ ಮುಂಚೆ ಅವರು ಹೋದರು. ಮುಂದಿನ ಮಳೆಗಾಲದಿಂದ ಆ ಎರಡೆಕರೆಯಲ್ಲಿ ಮೆಣಸಿನಕಾಯಿ ನೆಡತೊಡಗಿದೆವು.